ಗಡೀಪಾರು ಮತ್ತು ಡ್ಯೂ ಪ್ರೊಸೆಸ್: ಅಮೆರಿಕದಲ್ಲಿ ವಲಸಿಗರ ವಿಚಾರಣಾ ಹಕ್ಕು

ಪರದೇಶದ ಪ್ರಜೆಯೊಬ್ಬರನ್ನು ಸರ್ಕಾರ ತನ್ನ ನೆಲದಿಂದ ಬಲವಂತವಾಗಿ ಹೊರಗೆ ಕಳಿಸುವ ಕ್ರಮ ಗಡೀಪಾರು. ಕರ್ನಾಟಕದ ಪತ್ರಿಕೆಗಳಲ್ಲಿ ಈ ಮಾತು ಹೆಚ್ಚಾಗಿ ಕಾಣಸಿಗುವುದು ರೌಡಿಗಳನ್ನು ಜಿಲ್ಲೆಯಿಂದಾಚೆ ಕಳಿಸಿದ ಸುದ್ದಿಗಳಲ್ಲಿ. ಈ ಲೇಖನದಲ್ಲಿ ಅದಕ್ಕೆ ದೇಶದ ಗಡಿ ದಾಟಿಸುವುದು ಎಂಬ ಅರ್ಥ ಮಾತ್ರ ಇದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನಿನಲ್ಲಿ ‘ಡ್ಯೂ ಪ್ರೊಸೆಸ್’ ಎಂದರೆ ನ್ಯಾಯಬದ್ಧ ಪ್ರಕ್ರಿಯೆ. ಒಬ್ಬರ ಜೀವ, ಸ್ವಾತಂತ್ರ್ಯ, ಆಸ್ತಿಗಳ ಮೇಲೆ ಸರ್ಕಾರ ಕೈಹಾಕುವ ಮೊದಲು ಕಾರಣ ತಿಳಿಸಬೇಕು, ಅವರ ಮಾತು ಕೇಳಬೇಕು, ಪಕ್ಷಪಾತವಿಲ್ಲದವರೊಬ್ಬರು ತೀರ್ಮಾನ ಕೊಡಬೇಕು. 1791ರಲ್ಲಿ ಜಾರಿಗೆ ಬಂದ ಐದನೆಯ ತಿದ್ದುಪಡಿಯೂ 1868ರ ಹದಿನಾಲ್ಕನೆಯ ತಿದ್ದುಪಡಿಯೂ ಈ ರಕ್ಷಣೆಯನ್ನು ಕೊಡುವುದು ‘ವ್ಯಕ್ತಿ’ಗೆ, ‘ಪ್ರಜೆ’ಗೆ ಅಲ್ಲ. ವಲಸಿಗರ ಪರವಾಗಿ ಕಳೆದ ನೂರನಲವತ್ತು ವರ್ಷಗಳಲ್ಲಿ ನಡೆದ ವಾದವೆಲ್ಲ ಈ ಒಂದು ಪದವನ್ನು ಆಧರಿಸಿ ನಿಂತಿದೆ.

ಈ ಹಕ್ಕನ್ನು ದೇಶದಲ್ಲಿ ಉಳಿಯುವ ಹಕ್ಕು ಎಂದು ಅನೇಕರು ತಪ್ಪಾಗಿ ತಿಳಿಯುತ್ತಾರೆ. ವಿಚಾರಣೆ ನಡೆದ ಮೇಲೆ ಗಡೀಪಾರಾದವರ ಸಂಖ್ಯೆ ಸಣ್ಣದೇನಲ್ಲ. ಹಿಡಿದಿರುವುದು ಯಾರನ್ನು, ಅವರ ಮೇಲಿನ ಆಪಾದನೆ ನಿಜವೇ, ಕಳಿಸುವ ಕಡೆ ಅವರ ಜೀವಕ್ಕೆ ಅಪಾಯವಿದೆಯೇ ಎಂಬುದನ್ನು ಕಳಿಸುವ ಮೊದಲೇ ತಿಳಿದುಕೊಳ್ಳಿ ಎಂಬುದಷ್ಟೇ ಇದರ ಒತ್ತಾಯ. ವಿಮಾನ ಹಾರಿದ ಮೇಲೆ ಗೊತ್ತಾದ ತಪ್ಪನ್ನು ತಿದ್ದುವುದು ಬಹಳ ಸಲ ಯಾರ ಕೈಯಲ್ಲೂ ಇರುವುದಿಲ್ಲ.

ಚೀನೀಯರ ಮೊಕದ್ದಮೆಗಳು

ಚಿನ್ನದ ಗಣಿಗಳಿಗೂ ರೈಲುಹಾದಿಯ ಕೆಲಸಕ್ಕೂ ಬಂದು ಕ್ಯಾಲಿಫೋರ್ನಿಯದಲ್ಲಿ ನೆಲೆನಿಂತ ಚೀನೀಯರು ಈ ಕಾನೂನಿನ ಬುನಾದಿ ಹಾಕಿದರು. 1882ರ ಚೀನೀ ಬಹಿಷ್ಕಾರ ಕಾಯಿದೆ ಅವರ ದೇಶದ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಪರವಾನಗಿ ಬೇಕೆಂದು ನಿಯಮ ಮಾಡಿ, ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಪರವಾನಗಿ ಕೊಡಲಿಲ್ಲ. ಬಿಳಿಯರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಕೊಟ್ಟಿತು. 1886ರ ಯಿಕ್ ವೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಹದಿನಾಲ್ಕನೆಯ ತಿದ್ದುಪಡಿ ಆ ನೆಲದ ಮೇಲಿರುವ ಎಲ್ಲ ವ್ಯಕ್ತಿಗಳಿಗೂ ಸಲ್ಲುತ್ತದೆ ಎಂದು ಹೇಳಿತು.

ಗಡಿಯ ವಿಷಯ ಬಂದಾಗ ಅದೇ ನ್ಯಾಯಾಲಯ ಹಿಂದೆ ಸರಿಯಿತು. ಚೇ ಚಾನ್ ಪಿಂಗ್ ಎಂಬ ಕಾರ್ಮಿಕರು 1875ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದವರು. ಮರಳಿ ಬರಲು ಬೇಕಾದ ಸರ್ಕಾರಿ ಪ್ರಮಾಣಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಊರಿಗೆ ಹೋಗಿದ್ದರು. ತಿರುಗಿ ಬರುತ್ತಿದ್ದ ಅವರ ಹಡಗು ಇನ್ನೂ ಸಮುದ್ರದಲ್ಲಿದ್ದಾಗ, 1888ರ ಅಕ್ಟೋಬರ್ 1ರಂದು, ಸ್ಕಾಟ್ ಕಾಯಿದೆ ಅಂಥ ಪ್ರಮಾಣಪತ್ರಗಳನ್ನೆಲ್ಲ ರದ್ದುಮಾಡಿತು. ಅವರನ್ನು ಬಂದರಿನಲ್ಲೇ ತಡೆಯಲಾಯಿತು. ಪರದೇಶೀಯರನ್ನು ಹೊರಗಿಡುವುದು ಸಾರ್ವಭೌಮ ಅಧಿಕಾರ, ಅದರಲ್ಲಿ ನ್ಯಾಯಾಲಯ ತಲೆಹಾಕುವಂತಿಲ್ಲ ಎಂದು 1889ರಲ್ಲಿ ತೀರ್ಪಾಯಿತು. ‘ಸಂಪೂರ್ಣಾಧಿಕಾರ’ ಎಂದು ಹೆಸರಾದ ಈ ಸಿದ್ಧಾಂತ ಇಂದಿಗೂ ಬದುಕಿದೆ.

1892ರ ಗಿಯರಿ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೇಶದೊಳಗಿರುವ ಪ್ರತಿ ಚೀನೀ ಕಾರ್ಮಿಕರೂ ವಾಸದ ಪ್ರಮಾಣಪತ್ರ ಪಡೆದಿರಬೇಕು. ಇಲ್ಲದಿದ್ದರೆ ‘ನಂಬತಕ್ಕ ಬಿಳಿಯ ಸಾಕ್ಷಿ’ಯೊಬ್ಬರು ಬಂದು ಇವರು ಮೊದಲಿನಿಂದ ಇಲ್ಲಿದ್ದವರು ಎಂದು ಹೇಳಬೇಕು. ಸಾಕ್ಷಿ ಚೀನೀಯ ಎಂಬ ಒಂದೇ ಕಾರಣಕ್ಕೆ ಒಬ್ಬರ ಅಹವಾಲು ಬಿದ್ದುಹೋಯಿತು. 1893ರ ಫಾಂಗ್ ಯೂ ಟಿಂಗ್ ತೀರ್ಪು ಇದನ್ನೂ ಎತ್ತಿಹಿಡಿದು, ಗಡೀಪಾರು ಶಿಕ್ಷೆಯಲ್ಲ, ಬರಿಯ ಆಡಳಿತ ಕ್ರಮ ಎಂದು ಸಾರಿತು. ಈ ಒಂದು ವಾಕ್ಯದಿಂದ ಆದ ಹಾನಿ ದೊಡ್ಡದು. ಶಿಕ್ಷೆಯಲ್ಲ ಎಂದಮೇಲೆ ಜ್ಯೂರಿ ಬೇಕಿಲ್ಲ, ಸರ್ಕಾರದ ಖರ್ಚಿನ ವಕೀಲರು ಬೇಕಿಲ್ಲ. ಮೂವತ್ತು ವರ್ಷ ದುಡಿದು ಕಟ್ಟಿದ ಮನೆ, ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಬೇಕಾದವರಿಗೆ ಇದು ಶಿಕ್ಷೆಯಲ್ಲ ಎಂದು ಹೇಳಿ ನಂಬಿಸುವುದು ಯಾರಿಂದಲೂ ಆಗದು. ಅಂದು ಭಿನ್ನಮತ ಬರೆದ ಮೂವರು ನ್ಯಾಯಮೂರ್ತಿಗಳಿಗೂ ಅದು ಶಿಕ್ಷೆಯಾಗಿಯೇ ಕಂಡಿತ್ತು.

1896ರಲ್ಲಿ ವಾಂಗ್ ವಿಂಗ್ ಪ್ರಕರಣ ಒಂದು ಗೆರೆ ಎಳೆಯಿತು: ಗಡೀಪಾರಿನ ಜೊತೆಗೆ ಕಠಿಣ ಸಜೆಯನ್ನೂ ವಿಧಿಸುವುದಾದರೆ ನ್ಯಾಯಾಲಯದ ವಿಚಾರಣೆ ಆಗಲೇಬೇಕು. 1903ರಲ್ಲಿ ಇನ್ನೂ ದೊಡ್ಡ ಮಾತು ಹೊರಬಿತ್ತು. ಕಾವೊರು ಯಾಮಾಟಯ ಎಂಬ ಜಪಾನಿ ಹುಡುಗಿ 1901ರಲ್ಲಿ ಸಿಯಾಟಲ್‌ನಲ್ಲಿ ಇಳಿದಿದ್ದಳು. ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದೆ, ನೆಲದ ಮೇಲೆ ಕಾಲಿಟ್ಟ ಯಾರನ್ನೂ ಅಧಿಕಾರಿಗಳು ತಮ್ಮಿಷ್ಟದಂತೆ ಹೊರದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ಹೇಳಿದ್ದು ಅವಳ ಪ್ರಕರಣದಲ್ಲಿ. ಗೆದ್ದದ್ದು ತತ್ತ್ವ, ಹುಡುಗಿ ಸೋತಳು. ಅಧಿಕಾರಿ ಪ್ರಶ್ನೆ ಕೇಳಿದ ಇಂಗ್ಲಿಷ್ ಅವಳಿಗೆ ಅರ್ಥವಾಗಿರಲಿಲ್ಲ. ಅದು ಅವಳ ದುರದೃಷ್ಟ, ಅದಕ್ಕೆ ವಿಚಾರಣೆಯನ್ನು ತಪ್ಪೆನ್ನಲಾಗದು ಎಂದಿತು ಅದೇ ತೀರ್ಪು.

ಕೆಂಪು ಭೀತಿಯ ಕಾಲ, ಭಾರತೀಯರ ಪೌರತ್ವ

ಮೊದಲ ಮಹಾಯುದ್ಧ ಮುಗಿದ ಮೇಲೆ, ಕಮ್ಯುನಿಸ್ಟರ ಭಯ ಹಬ್ಬಿದ್ದಾಗ, ಅಟಾರ್ನಿ ಜನರಲ್ ಮಿಚೆಲ್ ಪಾಮರ್ 1919–20ರಲ್ಲಿ ನಡೆಸಿದ ದಾಳಿಗಳಲ್ಲಿ ಸಾವಿರಾರು ವಲಸಿಗರು ಬಂಧಿತರಾದರು. ಎಷ್ಟೋ ಜನರನ್ನು ಹಿಡಿದಾಗ ವಾರಂಟ್ ಕೂಡ ಇರಲಿಲ್ಲ. ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಸೇರಿ 249 ಮಂದಿಯನ್ನು 1919ರ ಡಿಸೆಂಬರಿನಲ್ಲಿ ಬ್ಯೂಫೋರ್ಡ್ ಹಡಗಿಗೆ ಹತ್ತಿಸಿ ರಷ್ಯಕ್ಕೆ ಕಳಿಸಲಾಯಿತು. ಈ ಪ್ರವಾಹಕ್ಕೆ ಅಡ್ಡ ನಿಂತವರು ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಯದರ್ಶಿ ಲೂಯಿ ಪೋಸ್ಟ್. ಎಪ್ಪತ್ತು ದಾಟಿದ್ದ ಆ ಮನುಷ್ಯ ಫೈಲುಗಳನ್ನು ಒಂದೊಂದಾಗಿ ಓದಿ, ಸಾಕ್ಷ್ಯವಿಲ್ಲದ ಸಾವಿರಕ್ಕೂ ಹೆಚ್ಚು ವಾರಂಟುಗಳನ್ನು ರದ್ದುಮಾಡಿದರು. ಅವರನ್ನೇ ಪದಚ್ಯುತಗೊಳಿಸಲು ಸಂಸತ್ತಿನಲ್ಲಿ ನಡೆದ ಪ್ರಯತ್ನ ಅವರು ಸಮಿತಿಯ ಮುಂದೆ ಕೂತು ಉತ್ತರ ಹೇಳಿದ ಮೇಲೆ ಕುಸಿಯಿತು. ಗಡೀಪಾರಿನ ಚರಿತ್ರೆಯಲ್ಲಿ ನ್ಯಾಯಾಧೀಶರ ಹೆಸರುಗಳೇ ಮುಂದೆ ಬರುತ್ತವೆ. ಮೇಜಿನ ಮುಂದೆ ಕೂತು ಕಾಗದ ಓದಿದ ಈ ಅಧಿಕಾರಿಯ ಹೆಸರೂ ಅವರ ಸಾಲಿನಲ್ಲೇ ಇರಬೇಕು. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಹುಟ್ಟಿದ್ದೂ 1920ರಲ್ಲಿ, ಇದೇ ದಾಳಿಗಳ ನಡುವೆ.

1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಕಾನೂನಿನ ಪ್ರಕಾರ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂಬ ತೀರ್ಪು ಬಂತು. ಅದನ್ನೇ ಹಿಡಿದು ಸರ್ಕಾರ ಹಿಂದೆಯೇ ಪೌರತ್ವ ಪಡೆದಿದ್ದ ಭಾರತೀಯರ ಮೇಲೂ ಮೊಕದ್ದಮೆ ಹೂಡಿತು. ಥಿಂಡ್ ಪರ ವಾದಿಸಿದ್ದ ವಕೀಲ ಸಖಾರಾಮ್ ಗಣೇಶ್ ಪಂಡಿತ್ ತಮ್ಮ ಸರದಿ ಬಂದಾಗ ಜನಾಂಗದ ಚರ್ಚೆಯನ್ನು ಬದಿಗಿಟ್ಟರು. ನ್ಯಾಯಾಲಯವೊಂದು ವಿಚಾರಣೆ ನಡೆಸಿ ಕೊಟ್ಟ ಪೌರತ್ವವನ್ನು ನಂಬಿ ತಾವು ಮದುವೆಯಾಗಿ, ವೃತ್ತಿ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿರುವಾಗ, ಆ ತೀರ್ಪನ್ನು ಸರ್ಕಾರ ಈಗ ಕೆದಕುವಂತಿಲ್ಲ ಎಂಬುದು ಅವರ ವಾದ. 1926ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಅವರು ಗೆದ್ದರು. 1946ರ ಲೂಸ್–ಸೆಲ್ಲರ್ ಕಾಯಿದೆಯವರೆಗೂ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಲಿಲ್ಲ.

ಆರ್ಥಿಕ ಕುಸಿತದ 1930ರ ದಶಕದಲ್ಲಿ ಮೆಕ್ಸಿಕೊ ಮೂಲದ ಲಕ್ಷಾಂತರ ಜನರನ್ನು ಹೆದರಿಸಿಯೋ ಒತ್ತಾಯಿಸಿಯೋ ಗಡಿಯಾಚೆ ಕಳಿಸಲಾಯಿತು. ಅವರಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕ್ಯಾಲಿಫೋರ್ನಿಯ ರಾಜ್ಯ ಇದಕ್ಕೆ ಕಾನೂನಿನ ಮೂಲಕ ಕ್ಷಮೆ ಕೇಳಿದ್ದು 2005ರಲ್ಲಿ. ‘ಈ ಹಕ್ಕು ಪರದೇಶೀಯರಿಗೆ ಏಕೆ’ ಎಂದು ಕೇಳುವವರು ಈ ಘಟನೆಯನ್ನು ನೋಡಬೇಕು. ವಿಚಾರಣೆಯೇ ಇಲ್ಲದ ಕಡೆ ‘ನಾನು ಇಲ್ಲಿಯ ಪ್ರಜೆ’ ಎಂದು ಹೇಳಿಕೊಳ್ಳಲೂ ಜಾಗವಿರುವುದಿಲ್ಲ.

ಎಲಿಸ್ ದ್ವೀಪದ ಇಬ್ಬರು

ಎಲೆನ್ ಕ್ನೌಫ್ ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದ ಸೇನೆಯಲ್ಲಿದ್ದವರನ್ನು ಮದುವೆಯಾದ ಹೆಂಗಸು. 1948ರಲ್ಲಿ ಗಂಡನ ದೇಶಕ್ಕೆ ಬಂದಿಳಿದಾಗ, ಇವರ ಪ್ರವೇಶ ದೇಶದ ಭದ್ರತೆಗೆ ಅಪಾಯ ಎಂದು ಹೇಳಿ ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ತಡೆದರು. ಆಪಾದನೆ ಏನು, ಹೇಳಿದವರು ಯಾರು ಎಂಬುದು ಗುಟ್ಟು. ವಿಚಾರಣೆಯಿಲ್ಲದೆ ಹೊರಗಿಡಬಹುದು ಎಂದು ಸುಪ್ರೀಂ ಕೋರ್ಟ್ 1950ರಲ್ಲಿ ಒಪ್ಪಿಬಿಟ್ಟಿತು. ಪತ್ರಿಕೆಗಳೂ ಕೆಲವು ಸಂಸದರೂ ಪಟ್ಟು ಹಿಡಿದದ್ದರಿಂದ ಕೊನೆಗೆ ವಿಚಾರಣೆ ನಡೆಯಿತು. ಗುಟ್ಟಿನ ಕಡತ ಬಿಚ್ಚಿದಾಗ ಅಲ್ಲಿದ್ದದ್ದು ಅವರಿವರಿಂದ ಕೇಳಿದ ಮಾತು. 1951ರಲ್ಲಿ ವಲಸೆ ಮೇಲ್ಮನವಿ ಮಂಡಲಿ ಅವರ ಪರ ತೀರ್ಮಾನಿಸಿತು. ಹೆಂಗಸು ಅವರೇ, ಕಡತವೂ ಅದೇ. ನಡುವೆ ಬಂದದ್ದು ಪಾಟೀಸವಾಲು ಮಾತ್ರ. ಡ್ಯೂ ಪ್ರೊಸೆಸ್ ಯಾತಕ್ಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಗ್ನಾಟ್ಸ್ ಮೆಜೈ ಅವರದು ಇನ್ನೂ ಕಠಿಣ ಕಥೆ. ಬಫಲೊ ನಗರದಲ್ಲಿ 25 ವರ್ಷ ಬಾಳಿ, ಸಾವಿನಂಚಿನಲ್ಲಿದ್ದ ತಾಯಿಯನ್ನು ನೋಡಲು 1948ರಲ್ಲಿ ಯುರೋಪಿಗೆ ಹೋದರು. 1950ರಲ್ಲಿ ಮರಳಿದಾಗ ಅದೇ ದ್ವೀಪದಲ್ಲಿ, ಅದೇ ಗುಟ್ಟಿನ ಕಾರಣಕ್ಕೆ ಸಿಕ್ಕಿಬಿದ್ದರು. ಬೇರೆ ಯಾವ ದೇಶವೂ ಅವರನ್ನು ಸೇರಿಸಲಿಲ್ಲ. ಕಣ್ಣೆದುರಿಗೆ ನ್ಯೂಯಾರ್ಕ್, ಕಾಲಿಗೆ ನೆಲವಿಲ್ಲ. ಅವರು ಇನ್ನೂ ದೇಶದೊಳಗೆ ಬಂದೇ ಇಲ್ಲ ಎಂದು ಭಾವಿಸಬೇಕೆಂದು 1953ರಲ್ಲಿ ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅಮೆರಿಕದ ಪರ ವಾದಿಸಿ ಬಂದಿದ್ದ ರಾಬರ್ಟ್ ಜಾಕ್ಸನ್ ಭಿನ್ನಮತ ಬರೆದವರಲ್ಲೊಬ್ಬರು. 1954ರಲ್ಲಿ ಸರ್ಕಾರವೇ ಮೆಜೈ ಅವರನ್ನು ಹೊರಗೆ ಬಿಟ್ಟಿತು.

ಈಗಿನ ವ್ಯವಸ್ಥೆ

ಇಂದಿನ ಚೌಕಟ್ಟು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯದು. ಪ್ರಕ್ರಿಯೆ ಶುರುವಾಗುವುದು ‘ಹಾಜರಾಗಲು ನೋಟಿಸ್’ ಎಂಬ ಕಾಗದದಿಂದ. ಕಾನೂನಿನ ಯಾವ ಅಂಶ ಉಲ್ಲಂಘನೆಯಾಗಿದೆ, ಯಾವ ದಿನ, ಎಲ್ಲಿ ಬರಬೇಕು ಎಂಬುದೆಲ್ಲ ಅದರಲ್ಲಿರಬೇಕು. ದಿನಾಂಕವನ್ನೇ ನಮೂದಿಸದೆ ನೋಟಿಸ್ ಕೊಡುತ್ತಿದ್ದ ರೂಢಿಯನ್ನು ಸುಪ್ರೀಂ ಕೋರ್ಟ್ 2018ರಲ್ಲೂ 2021ರಲ್ಲೂ ತಪ್ಪೆಂದಿತು. ವಿಚಾರಣೆಯಲ್ಲಿ ವಲಸಿಗರು ಸರ್ಕಾರದ ಸಾಕ್ಷ್ಯ ನೋಡಬಹುದು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಬಹುದು, ತಮ್ಮ ಸಾಕ್ಷ್ಯ ಕೊಡಬಹುದು. ವೀಸಾ ಪಡೆದು ಕ್ರಮಬದ್ಧವಾಗಿ ಬಂದವರ ವಿಷಯದಲ್ಲಿ, ಅವರು ಗಡೀಪಾರಿಗೆ ಅರ್ಹರೆಂದು ಸ್ಪಷ್ಟವಾಗಿ ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ತೀರ್ಪಿನ ಮೇಲೆ ವಲಸೆ ಮೇಲ್ಮನವಿ ಮಂಡಲಿಗೂ, ಅಲ್ಲಿಂದ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೂ ಹೋಗಬಹುದು.

ಹೆಸರು ವಲಸೆ ನ್ಯಾಯಾಲಯವಾದರೂ ಅಲ್ಲಿಯ ನ್ಯಾಯಾಧೀಶರು ನ್ಯಾಯಾಂಗಕ್ಕೆ ಸೇರಿದವರಲ್ಲ. ನ್ಯಾಯ ಇಲಾಖೆಯ ನೌಕರರು. ಅಟಾರ್ನಿ ಜನರಲ್ ಅವರನ್ನು ನೇಮಿಸಬಹುದು, ತೆಗೆಯಬಹುದು, ಮಂಡಲಿಯ ತೀರ್ಪನ್ನು ತಾವೇ ಕೈಗೆತ್ತಿಕೊಂಡು ಬದಲಿಸಬಹುದು. 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿಯಿದ್ದ 2025ರಲ್ಲಿ ನೂರಕ್ಕೂ ಹೆಚ್ಚು ವಲಸೆ ನ್ಯಾಯಾಧೀಶರು ವಜಾಗೊಂಡೋ ತಾವಾಗಿ ಬಿಟ್ಟೋ ಹೋದರು. ಎದುರು ಪಕ್ಷವಾದ ಸರ್ಕಾರದ ಇಲಾಖೆಯೇ ಸಂಬಳ ಕೊಡುವ ನ್ಯಾಯಾಧೀಶರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಕಟ್ಟಡದ ಅಡಿಪಾಯ ಸರಿಯಿಲ್ಲ. ಅವರಿಗೆ ಸ್ವತಂತ್ರ ನ್ಯಾಯಾಲಯ ಬೇಕು ಎಂಬ ಬೇಡಿಕೆ ಹಳೆಯದು.

ಈ ವ್ಯವಸ್ಥೆಯಲ್ಲಿ ಹುಟ್ಟಿದ ಭಾರತ ಮೂಲದವರೊಬ್ಬರ ಪ್ರಕರಣ ಸಂವಿಧಾನ ಕಾನೂನಿನ ಪಠ್ಯಪುಸ್ತಕಗಳನ್ನೇ ಸೇರಿದೆ. ಜಗದೀಶ್ ರಾಯ್ ಛಡ್ಡಾ ಕೀನ್ಯಾದಲ್ಲಿ ಭಾರತೀಯ ದಂಪತಿಗೆ ಹುಟ್ಟಿದವರು, ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರು. 1966ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಬಂದರು. 1972ರಲ್ಲಿ ವೀಸಾ ಮುಗಿಯಿತು. 1974ರಲ್ಲಿ ವಲಸೆ ನ್ಯಾಯಾಧೀಶರು ಅವರ ಅಹವಾಲು ಕೇಳಿ ಗಡೀಪಾರನ್ನು ತಡೆದರು. ಮರುವರ್ಷ ಸಂಸತ್ತಿನ ಕೆಳಮನೆ 340 ಹೆಸರುಗಳ ಪಟ್ಟಿಯಿಂದ ಆರನ್ನು ಆಯ್ದು, ಚರ್ಚೆಯೇ ಇಲ್ಲದೆ ಆ ತಡೆಯನ್ನು ರದ್ದುಮಾಡಿತು. ಆ ಆರರಲ್ಲಿ ಅವರೊಬ್ಬರು. ಒಂದು ಸದನ ಹೀಗೆ ಒಂಟಿಯಾಗಿ ಕೈಯೆತ್ತಿ ಕಾನೂನು ಬದಲಿಸುವಂತಿಲ್ಲ ಎಂದು 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಇನ್ನೂ ಹಲವಾರು ಕಾಯಿದೆಗಳಲ್ಲಿದ್ದ ಅಂಥ ಅಂಶಗಳು ಒಮ್ಮೆಲೇ ಬಿದ್ದವು.

ವಕೀಲರ ಪ್ರಶ್ನೆ

ವಲಸಿಗರಿಗೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ; ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ ಎಂದು ಕಾಯಿದೆ ಹೇಳುತ್ತದೆ. ಜೇಬುಗಳ್ಳತನದ ಆರೋಪಿಗೆ ಸಿಗುವ ಉಚಿತ ವಕೀಲರು, ಮರಳಿದರೆ ಕೊಲ್ಲುತ್ತಾರೆ ಎಂದು ಆಶ್ರಯ ಬೇಡುವವರಿಗೆ ಸಿಗುವುದಿಲ್ಲ. 2007ರಿಂದ 2012ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಪ್ರಕಾರ ವಕೀಲರಿದ್ದದ್ದು ಶೇ 37ರಷ್ಟು ಮಂದಿಗೆ. ಬಂಧನದಲ್ಲಿದ್ದವರಲ್ಲಿ ಶೇ 14 ಮಾತ್ರ. ಬಂಧನ ಕೇಂದ್ರಗಳು ಬಹುಪಾಲು ಊರಿನಿಂದ ದೂರ. ಇಂದು ಒಂದು ರಾಜ್ಯದಲ್ಲಿದ್ದವರನ್ನು ನಾಳೆ ಸಾವಿರ ಮೈಲಿ ಆಚೆಗೆ ಸಾಗಿಸಿದರೆ ಇದ್ದ ವಕೀಲರೂ ಕೈತಪ್ಪುತ್ತಾರೆ. ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಧೀಶ ರಾಬರ್ಟ್ ಕಾಟ್ಸ್‌ಮನ್ ಈ ಕೊರತೆಯ ಅಧ್ಯಯನಕ್ಕೆ ಮುಂದಾದರು. ಅದರ ಫಲವಾಗಿ 2013ರಲ್ಲಿ ಆ ನಗರ, ಬಂಧಿತ ಬಡ ವಲಸಿಗರಿಗೆ ಸಾರ್ವಜನಿಕ ಹಣದಿಂದ ವಕೀಲರನ್ನು ಕೊಡುವ ದೇಶದ ಮೊದಲ ಯೋಜನೆಯನ್ನು ಶುರುಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯವೊಂದು, ಮಾನಸಿಕ ಅಸ್ವಾಸ್ಥ್ಯದಿಂದ ತಮ್ಮ ಪರ ತಾವೇ ವಾದಿಸಲಾರದ ಬಂಧಿತರಿಗೆ ಪ್ರತಿನಿಧಿಯನ್ನು ಒದಗಿಸಬೇಕೆಂದು ಆಜ್ಞೆ ಮಾಡಿತು. ಒಂಟಿಯಾಗಿ ಬಂದ ಮಕ್ಕಳು ವಕೀಲರಿಲ್ಲದೆ ನ್ಯಾಯಾಧೀಶರ ಮುಂದೆ ನಿಲ್ಲುವುದು ಈಗಲೂ ನಿಂತಿಲ್ಲ. ಇದನ್ನು ಯಾವ ಹೆಸರಿನಿಂದ ಕರೆದರೂ ವಿಚಾರಣೆ ಎನ್ನಲು ಮನಸ್ಸು ಬರುವುದಿಲ್ಲ.

1996ರ ಕಾಯಿದೆ ಮತ್ತು ಆಮೇಲೆ

1996ರ ಕಾಯಿದೆ ‘ತ್ವರಿತ ಹೊರಹಾಕುವಿಕೆ’ ಎಂಬ ಹೊಸ ದಾರಿ ತೆರೆಯಿತು. ದಾಖಲೆಯಿಲ್ಲದೆ ಬಂದವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸದೆಯೇ ಅಧಿಕಾರಿಗಳು ಹಿಂದಕ್ಕೆ ಕಳಿಸಬಹುದು. ಜೀವಭಯ ಹೇಳಿಕೊಂಡವರಿಗೆ ಮಾತ್ರ ಒಂದು ಸಂದರ್ಶನ. 2004ರಿಂದ ಇದು ಗಡಿಯಿಂದ 100 ಮೈಲಿಯೊಳಗೆ, ಬಂದು 14 ದಿನ ಆಗದವರಿಗೆ ಅನ್ವಯಿಸುತ್ತಿತ್ತು. 2025ರ ಜನವರಿಯಲ್ಲಿ ಇಡೀ ದೇಶಕ್ಕೆ ಹರಡಿ, ಎರಡು ವರ್ಷದಿಂದ ಇಲ್ಲಿದ್ದೇವೆಂದು ತೋರಿಸಲಾಗದ ಎಲ್ಲರನ್ನೂ ಅದರೊಳಗೆ ತರಲಾಯಿತು. ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯ ಆಗಸ್ಟಿನಲ್ಲಿ ಇದಕ್ಕೆ ತಡೆಯೊಡ್ಡಿತು. 2020ರಲ್ಲಿ ಶ್ರೀಲಂಕಾದ ತಮಿಳರೊಬ್ಬರ ಪ್ರಕರಣದಲ್ಲಿ, ಗಡಿಯಿಂದ ಕೇವಲ 25 ಗಜ ಒಳಗೆ ಸಿಕ್ಕಿಬಿದ್ದವರಿಗೆ ಸಂಸತ್ತು ಕೊಟ್ಟಷ್ಟೇ ಪ್ರಕ್ರಿಯೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು.

ಬಂಧನದ ವಿಷಯದಲ್ಲಿ 2001ರ ಜ್ಯಾಡ್ವಿಡಾಸ್ ತೀರ್ಪು ಮುಖ್ಯವಾದದ್ದು. ಯಾವ ದೇಶವೂ ಸೇರಿಸಿಕೊಳ್ಳದವರನ್ನು ಕೊನೆಯಿಲ್ಲದೆ ಕೂಡಿಹಾಕುವಂತಿಲ್ಲ, ಆರು ತಿಂಗಳ ಮೇಲೆ ಸರ್ಕಾರ ಕಾರಣ ಕೊಡಬೇಕು ಎಂಬುದು ಅದರ ಸಾರ. ಮೆಜೈ ಅವರಿಗೆ ಸಿಗದ ನ್ಯಾಯದ ಒಂದು ಪಾಲು ಅರ್ಧ ಶತಮಾನದ ನಂತರ, ಅದೂ ದೇಶದೊಳಗೆ ಬಂದಿದ್ದವರಿಗೆ, ಹೀಗೆ ಸಿಕ್ಕಿತು.

2025ರ ಸಂಘರ್ಷ

1798ರ ಶತ್ರು ಪರದೇಶೀಯರ ಕಾಯಿದೆ 2025ರವರೆಗೆ ಬಳಕೆಯಾದದ್ದು ಮೂರು ಯುದ್ಧಗಳಲ್ಲಿ. ಆ ವರ್ಷದ ಮಾರ್ಚಿನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ವೆನೆಜುವೆಲಾದ ಒಂದು ಅಪರಾಧ ಗುಂಪಿನ ವಿರುದ್ಧ ಹೊರತೆಗೆದರು. ಮಾರ್ಚ್ 15ರಂದು ಇನ್ನೂರಕ್ಕೂ ಹೆಚ್ಚು ಜನರನ್ನು ಎಲ್ ಸಾಲ್ವಡಾರ್‌ನ ಸೆಕೋಟ್ ಸೆರೆಮನೆಗೆ ವಿಮಾನದಲ್ಲಿ ಸಾಗಿಸಲಾಯಿತು. ವಿಮಾನಗಳನ್ನು ತಿರುಗಿಸಿ ಎಂದು ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಹೇಳಿದರೂ ಅವು ತಿರುಗಲಿಲ್ಲ. ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್ ಆ ನ್ಯಾಯಾಧೀಶರ ತಡೆಯಾಜ್ಞೆಯನ್ನು ತೆಗೆದುಹಾಕಿತು. ಮೊಕದ್ದಮೆಯನ್ನು ಬಂಧನವಿರುವ ಜಾಗದಲ್ಲಿ, ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ ಹಾಕಬೇಕು ಎಂಬುದು ಬಹುಮತ. ಆದರೆ ಮೊದಲೇ ನೋಟಿಸ್ ಕೊಡಬೇಕು, ಪ್ರಶ್ನಿಸಲು ಸಮಯ ಕೊಡಬೇಕು ಎಂಬ ವಿಷಯದಲ್ಲಿ ಒಂಬತ್ತೂ ನ್ಯಾಯಮೂರ್ತಿಗಳಿಗೆ ಒಮ್ಮತವಿತ್ತು. ಮೇ 16ರ ಆದೇಶ ಇದನ್ನು ಬಿಡಿಸಿ ಹೇಳಿತು: ಹಕ್ಕನ್ನು ಹೇಗೆ ಬಳಸಬೇಕೆಂಬ ವಿವರವೇ ಇಲ್ಲದ, 24 ಗಂಟೆ ಮುಂಚಿನ ನೋಟಿಸ್ ಸಾಲದು.

ಅದೇ ವಿಮಾನಗಳಲ್ಲಿ ಮೇರಿಲ್ಯಾಂಡಿನ ನಿವಾಸಿಯೊಬ್ಬರೂ ಇದ್ದರು. ಅವರನ್ನು ಎಲ್ ಸಾಲ್ವಡಾರ್‌ಗೆ ಕಳಿಸಬಾರದೆಂದು ವಲಸೆ ನ್ಯಾಯಾಧೀಶರು 2019ರಲ್ಲೇ ಆದೇಶಿಸಿದ್ದರು. ಕಳಿಸಿದ್ದು ತಪ್ಪು ಎಂದು ಸರ್ಕಾರ ಒಪ್ಪಿಕೊಂಡಿತು. ಮರಳಿ ಕರೆತರುವುದು ತನ್ನ ಕೈಯಲ್ಲಿಲ್ಲ ಎಂದೂ ವಾದಿಸಿತು. ಅವರ ಬಿಡುಗಡೆಗೆ ಅನುವು ಮಾಡಿಕೊಡಬೇಕೆಂದು ಸುಪ್ರೀಂ ಕೋರ್ಟ್ ಏಪ್ರಿಲ್ 10ರಂದು ಹೇಳಿತು. ಅವರು ಅಮೆರಿಕದ ನೆಲ ಮುಟ್ಟಿದ್ದು ಜೂನ್‌ನಲ್ಲಿ. ಮೇ ತಿಂಗಳಿಂದ ಇನ್ನೊಂದು ಪದ್ಧತಿ ಕಂಡುಬಂತು. ನೋಟಿಸಿಗೆ ತಲೆಬಾಗಿ ವಾಯಿದೆಗೆ ಬಂದವರನ್ನೇ ನ್ಯಾಯಾಲಯದ ಮೊಗಸಾಲೆಯಲ್ಲಿ ಹಿಡಿಯುವುದು. ಕರೆದಾಗ ಬಂದವರಿಗೆ ಬೇಡಿ ಬಿದ್ದರೆ, ಮುಂದಿನವರು ಬರಲು ಹೆದರುತ್ತಾರೆ. ಬಾರದಿದ್ದರೆ ಅವರ ಗೈರುಹಾಜರಿಯಲ್ಲೇ ಗಡೀಪಾರಿನ ಆದೇಶವಾಗುತ್ತದೆ.

ಇಷ್ಟು ಜನರಿಗೆಲ್ಲ ವಿಚಾರಣೆ ಕೊಡುತ್ತ ಕೂತರೆ ವರ್ಷಗಳೇ ಬೇಕು ಎಂಬುದು ಎದುರು ವಾದ. ವಿಳಂಬ ನಿಜ, ಅದರಿಂದ ನೊಂದವರಲ್ಲಿ ವಲಸಿಗರೂ ಇದ್ದಾರೆ. ಆದರೆ ಕಾನೂನು ಎಲ್ಲರಿಗೂ ಒಂದೇ ಅಳತೆಯ ವಿಚಾರಣೆ ಕೇಳುವುದಿಲ್ಲ. 1976ರ ಮ್ಯಾಥ್ಯೂಸ್–ಎಲ್ಡ್ರಿಜ್ ತೀರ್ಪಿನ ಪ್ರಕಾರ ಕಳೆದುಕೊಳ್ಳುವುದು ಎಷ್ಟು, ತಪ್ಪಾಗುವ ಸಂಭವ ಎಷ್ಟು, ಸರ್ಕಾರಕ್ಕೆ ಹೊರೆ ಎಷ್ಟು ಎಂದು ತೂಗಿ ನೋಡಬೇಕು. ಬಾಕಿ ಹೆಚ್ಚಿದ್ದರೆ ನ್ಯಾಯಾಧೀಶರನ್ನು ಹೆಚ್ಚಿಸಬೇಕು. ಇದ್ದವರನ್ನೂ ತೆಗೆಯುವುದು ಆ ವಾದಕ್ಕೇ ವಿರುದ್ಧ.

ಭಾರತದ ನಂಟು

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು, ಅವರಲ್ಲಿ ಅನೇಕರ ಕೈಗೆ ಬೇಡಿ ಕಾಲಿಗೆ ಸರಪಳಿ ಹಾಕಿ, ಅಮೃತಸರಕ್ಕೆ ತಂದಿಳಿಸಿತು. ಅದೇ ವರ್ಷದ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ದಾಖಲೆಗಳನ್ನು ಮುನ್ಸೂಚನೆಯಿಲ್ಲದೆ ರದ್ದುಮಾಡಲಾಯಿತು. ಭಾರತೀಯರೂ ದೊಡ್ಡ ಸಂಖ್ಯೆಯಲ್ಲಿದ್ದರು. ಮೊಕದ್ದಮೆಗಳು ಸಾಲುಗಟ್ಟಿದ ಮೇಲೆ ಏಪ್ರಿಲ್ ಕೊನೆಗೆ ಸರ್ಕಾರ ಅವನ್ನು ಮರಳಿಸಲು ಒಪ್ಪಿತು. ಎಚ್-1ಬಿ ವೀಸಾದ ಮೇಲೆ ದುಡಿಯುತ್ತ ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ಕನ್ನಡಿಗರಿಗೂ ಈ ಕಾನೂನು ದೂರದ್ದಲ್ಲ. ಕೆಲಸ ಹೋದರೆ ಅವರಿಗೆ ಸಾಮಾನ್ಯವಾಗಿ ಸಿಗುವುದು 60 ದಿನ.

‘ಡ್ಯೂ ಪ್ರೊಸೆಸ್’ ಎಂಬ ಮಾತು ಭಾರತದ ಸಂವಿಧಾನಕ್ಕೆ ಬಾರದೆ ಹೋದದ್ದರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರ ಪಾತ್ರವಿದೆ. ಸಂವಿಧಾನ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋದಾಗ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಆ ಪದ ಬೇಡವೆಂದು ರಾಯರಿಗೆ ಸಲಹೆ ಕೊಟ್ಟರು. ಶಾಸನಸಭೆಯ ಕೈಕಟ್ಟಿದಂತಾಗುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಅಂಜಿಕೆ. ಕೊನೆಗೆ 21ನೆಯ ವಿಧಿಯಲ್ಲಿ ‘ಕಾನೂನು ಸ್ಥಾಪಿಸಿದ ಪ್ರಕ್ರಿಯೆ’ ಎಂಬ ಮಾತು ನಿಂತಿತು. ಅಲ್ಲಿಯೂ ರಕ್ಷಣೆ ‘ವ್ಯಕ್ತಿ’ಗೇ. 1978ರ ಮೇನಕಾ ಗಾಂಧಿ ತೀರ್ಪು ಆ ಪ್ರಕ್ರಿಯೆ ನ್ಯಾಯವೂ ಸಮಂಜಸವೂ ಆಗಿರಬೇಕೆಂದು ಹೇಳಿ, ಹೊರಗಿಟ್ಟಿದ್ದ ಅರ್ಥವನ್ನು ಒಳಗೆ ಕರೆತಂದಿತು. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರನ್ನು ಬಲವಂತದಿಂದ ಹೊರದೂಡದಂತೆ ಭಾರತದ ಸುಪ್ರೀಂ ಕೋರ್ಟ್ ತಡೆದದ್ದೂ ಇದೇ ವಿಧಿಯ ಬಲದಿಂದ.

ಅಮೆರಿಕದಲ್ಲಿ ಭಾಷೆಯ ವಿಷಯದಲ್ಲಿ 1903ರ ಯಾಮಾಟಯ ತೀರ್ಪು ಹಿಂದೆ ಉಳಿದಿದೆ. ಗ್ವಾಟೆಮಾಲಾದ ಕಿಚೆ ಭಾಷೆಯವರೊಬ್ಬರ ವಿಚಾರಣೆಯಲ್ಲಿ ದುಭಾಷಿಯ ಅನುವಾದ ಸರಿಯಿರಲಿಲ್ಲ ಎಂಬ ಕಾರಣಕ್ಕೆ ಡ್ಯೂ ಪ್ರೊಸೆಸ್ ಭಂಗವಾಗಿದೆ ಎಂದು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2000ರಲ್ಲಿ ತೀರ್ಪು ಕೊಟ್ಟಿತು. ವಲಸೆ ನ್ಯಾಯಾಲಯದಲ್ಲಿ ದುಭಾಷಿಯ ಖರ್ಚು ಸರ್ಕಾರದ್ದು. ಕನ್ನಡವಷ್ಟೇ ಬಲ್ಲವರು ಹಿಂದಿಯ ದುಭಾಷಿಗೆ ತಲೆಯಾಡಿಸಬೇಕಾಗಿಲ್ಲ. ಕನ್ನಡವೇ ಬೇಕೆಂದು ಮೊದಲ ವಾಯಿದೆಯ ದಿನವೇ ಹೇಳಿ, ಅದನ್ನು ದಾಖಲೆಯಲ್ಲಿ ಬರೆಸಬಹುದು.